ಮುಖ ಕಾಣುವ ಒಂದು ಫೋಟೊ

"ಡ್ರೈವಿಂಗ್ ಲೈಸೆನ್ಸಿನ ಫೋಟೊ ಬೇಡ, ಅದ್ರಲ್ಲಿ ನಿಮ್ಮಮ್ಮ ಕಳ್ಳಿ ಥರ ಕಾಣ್ತಾಳೆ. ಶವಪೆಟ್ಟಿಗೆ ಮುಂದೆ ಇಡೋಕೆ ನೀನು ತೆಗೆದಿರೋದೇ ಒಂದು ಕೊಡು," ಎಂದರು ದೊಡ್ಡಮ್ಮ.

ವಿನ್ನಿ ಲಿಯಾಂಗ್ ಲ್ಯಾಪ್‌ಟಾಪ್ ತೆರೆದಳು. ಅಮ್ಮನ ನಾನೂರ ಹನ್ನೆರಡು ಫೋಟೊಗಳಿದ್ದವು. ಅಮೆರಿಕದ ಓಕ್‌ಲ್ಯಾಂಡಿನ ಚೀನಿ ವಲಸಿಗರ ಬದುಕಿನ ಬಗ್ಗೆ ವಿನ್ನಿಯ ಮೊದಲ ಫೋಟೊ ಪ್ರದರ್ಶನ ಕಳೆದ ತಿಂಗಳು ನಡೆದದ್ದು ಇವುಗಳಿಂದಲೇ. ಕಡುಬು ಮಡಿಸುವ ಕೈ, ಹೊಲಿಗೆ ಯಂತ್ರದ ಮೇಲಿನ ಕೈ, ಬಸ್ಸಿನ ಕಂಬಿ ಹಿಡಿದ ಕೈ. ಕೈಗಳೇ ಎಲ್ಲವನ್ನೂ ಹೇಳುತ್ತವೆ ಎಂದು ನೋಡಿದವರು ಹೊಗಳಿದ್ದರು. ವಿನ್ನಿ ಕೊನೆಯ ಫೋಟೊವರೆಗೂ ಹೋದಳು. ಒಂದರಲ್ಲೂ ಮುಖವಿರಲಿಲ್ಲ.

"ಇಷ್ಟು ದೊಡ್ಡ ಫೋಟೋಗ್ರಾಫರು, ಒಂದೂ ಇಲ್ವಾ?" ದೊಡ್ಡಮ್ಮ ನಂಬಲಿಲ್ಲ. "ನೀನು ಕ್ಯಾಮೆರಾ ತರ್ತೀಯ ಅಂದ್ರೆ ಅವಳು ಬೆಳಿಗ್ಗೆನೇ ತಲೆ ಬಾಚಿ, ಲಿಪ್‌ಸ್ಟಿಕ್ ಹಚ್ಕೊಂಡು ಕೂತಿರೋಳು."