ಪಕ್ಕದ ಕೋಣೆಯಲ್ಲಿ ಬೆನ್ನುಮೂಳೆ

ಎಪ್ಪತ್ತೊಂದು ವರ್ಷದ ನೇಕಾರ್ತಿ ಶಂಕ್ರವ್ವನ ಬೆನ್ನುಮೂಳೆಯನ್ನು ಆಸ್ಪತ್ರೆಯಲ್ಲಿ ಬೆಳಿಗ್ಗೆಯೇ ಹೊರತೆಗೆದು ಪಕ್ಕದ ಕೋಣೆಗೆ ಒಯ್ದಿದ್ದರು. ಮಗ್ಗದ ಮೇಲೆ ಬಾಗಿ ಬಾಗಿ ಕುಡುಗೋಲಿನಂತಾಗಿದ್ದ ಅದನ್ನು ಅಲ್ಲಿ ನೆಟ್ಟಗೆ ಮಾಡುತ್ತಿದ್ದರು. ಇಲ್ಲಿ ಆಕೆ ಎಚ್ಚರವಾಗಿಯೇ ಬೋರಲು ಮಲಗಿದ್ದಳು. ಪಕ್ಕದಲ್ಲಿ ತಂಗಿ ನೀಲವ್ವ ಕೂತಿದ್ದಳು.

"ಭಾಳ ಹೊತ್ತಾತಲ್ಲ, ಮುರದಿದ್ರ?" ಎಂದು ಶಂಕ್ರವ್ವ ಮತ್ತೆ ಕೇಳಿದಳು.

"ಸುಮ್ನಿರಕ್ಕ, ಎಲ್ಲಾರಿಗೂ ಮಧ್ಯಾಹ್ನಾನ ಆಗತೈತಿ," ಎಂದಳು ನೀಲವ್ವ. ಆದರೆ ಅವಳ ಕಣ್ಣೂ ಬಾಗಿಲ ಮೇಲೇ ಇತ್ತು.

ಮೂರು ಗಂಟೆಗೆ ಮೂಳೆ ತಂದು ಕೂರಿಸಿದರು.

"ಕಾಲ್ಬೆರಳು ಅಲ್ಲಾಡಿಸ್ರಿ ಅಮ್ಮಾ," ಎಂದರು ಡಾಕ್ಟರು.

ಶಂಕ್ರವ್ವ ಉಸಿರು ಬಿಗಿಹಿಡಿದು ಯತ್ನಿಸಿದಳು. ಬೆರಳು ಕದಲಲಿಲ್ಲ.

"ಇನ್ನೊಮ್ಮೆ."

"ಅಲ್ಲಾಡ್ತು!" ಎಂದು ನೀಲವ್ವ ಕಿರುಚಿದಳು.

ಅಕ್ಕನನ್ನು ಮೆಲ್ಲಗೆ ಹೊರಳಿಸಿದರು. ಹನ್ನೆರಡು ವರ್ಷಗಳ ಬಳಿಕ ಶಂಕ್ರವ್ವ ಅಂಗಾತ ಮಲಗಿ, ಸೂರನ್ನು ಕಣ್ತುಂಬ ನೋಡಿದಳು.