ಮುಚ್ಚಳದ ಮೇಲೆ ಮೂರು ಬಡಿತ

ಕುಕ್ಕರ್ ಕೂಗುವುದರೊಳಗೆ ಬರೆದು ಮುಗಿಸಬೇಕು... ಮಕ್ಕಳಿರುವ ಮನೆಯವರು ದಯವಿಟ್ಟು ಕೊನೆಯವರೆಗೂ ಓದಿ.

ನೌಕಾಪಡೆಯ ಒಂದು ತರಬೇತಿ ಶಾಲೆ. ಅಲ್ಲೊಂದು ಕಬ್ಬಿಣದ ಕೋಣೆ. ಕಿಟಕಿಯಿಲ್ಲ, ಬಾಗಿಲಿಲ್ಲ... ನೆತ್ತಿಯ ಮೇಲೆ ಒಂದೇ ಒಂದು ಮುಚ್ಚಳ.

ಹಡಗಿನ ತಳ ಒಡೆದರೆ ಏನು ಮಾಡಬೇಕೆಂದು ಕಲಿಸುವ ಜಾಗ ಅದು. ಕೆಡೆಟ್‌ಗಳನ್ನು ಒಳಗಿಳಿಸಿ ಮುಚ್ಚಳ ಹಾಕುತ್ತಾರೆ. ಗೋಡೆಯ ತೂತುಗಳಿಂದ ನೀರು ನುಗ್ಗುತ್ತದೆ. ಮರದ ಬೆಣೆ ಬಡಿದು ತೂತುಗಳನ್ನು ಮುಚ್ಚಿದ ಮೇಲೆಯೇ ಮುಚ್ಚಳ ತೆರೆಯುವುದು.

ಉಲ್ಲಾಸ ಹರಿಕಂತ್ರ ಎಂಬ ಕೆಡೆಟ್ ಅಲ್ಲಿ ಎರಡು ಸಲ ಕಿರುಚಿ, ನಡುವೆಯೇ ಮುಚ್ಚಳ ತೆಗೆಸಿ ಹೊರಗೆ ಬಂದಿದ್ದ. ಮೂರನೇ ಸಲವೂ ಹಾಗಾದರೆ ಸೀದಾ ಮನೆಗೆ.

"ಮೀನು ಹಿಡಿಯೋರ ಮನೆ ಹುಡುಗ, ನೀರಿಗೆ ಹೆದರ್ತೀಯಲ್ಲೋ!" ಎಂದು ಜೊತೆಯವರು ನಗುತ್ತಿದ್ದರು.

"ನೀರಿಗಲ್ಲ ಮಾರಾಯಾ... ಆ ಮುಚ್ಚಳಕ್ಕೆ. ನಮ್ಮ ದೋಣಿ ಮೇಲೆ ಯಾವಾಗ್ಲೂ ಆಕಾಶ ಇರ್ತಿತ್ತು."

ಮೂರನೇ ಸಲದ ದಿನ ಬಂತು. ಆರು ಜನ ಇಳಿದರು. ಮುಚ್ಚಳ ಬಿತ್ತು.

ನೀರು ಮೊಣಕಾಲಿಗೆ ಬಂತು... ಸೊಂಟಕ್ಕೆ ಬಂತು. ಉಲ್ಲಾಸನಿಗೆ ಉಸಿರು ಸಿಗಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯೊಂದಿಗೇ ಏಣಿ ಹತ್ತಿ ಮುಚ್ಚಳವನ್ನು ಗುದ್ದತೊಡಗಿದ.

"ತೆಗೀರಿ ಸರ್! ತೆಗೀರಿ!"

ಮುಚ್ಚಳ ತೆರೆಯಲಿಲ್ಲ. ಆದರೆ ಮೇಲಿನಿಂದ ಒಂದು ಸದ್ದು...

ಟಕ್. ಟಕ್. ಟಕ್.

ತರಬೇತಿ ಕೊಡುವ ಗದಿಗೆಪ್ಪ ಹಾದಿಮನಿ ಮಾಸ್ತರರು ಮುಚ್ಚಳದ ಪಕ್ಕದಲ್ಲೇ ನೆಲಕ್ಕೆ ಕುಳಿತಿದ್ದರು.

"ಇಲ್ಲೇ ಅದೀನೋ ತಮ್ಮಾ."

"ತೆಗೀರಿ ಸರ್, ಸತ್ತೇ ಹೋಗ್ತೆ!"

"ತೆಗ್ಯಂಗಿಲ್ಲ... ಬಿಟ್ಟೂ ಹೋಗಂಗಿಲ್ಲ. ಇಳದು ಬೆಣಿ ಹೊಡಿ. ನೀ ಒಂದ್ ಏಟು ಹೊಡದ್ರ ನಾ ಒಂದ್ ಏಟು ಬಡೀತೀನಿ. ಹೊಡಿ ನೋಡೂಣು!"

ಉಲ್ಲಾಸ ನಡುಗುತ್ತಲೇ ಇಳಿದ. ಒಂದು ಏಟು ಹೊಡೆದ. ಮೇಲಿನಿಂದ... ಟಕ್. ಇನ್ನೊಂದು ಏಟು... ಟಕ್.

ನೀರು ಎದೆಗೆ ಬಂದಾಗ ಕೊನೆಯ ತೂತು ಮುಚ್ಚಿತು. ಮುಚ್ಚಳ ತೆರೆಯಿತು.

ನಲವತ್ತು ವರ್ಷ ಕಳೆಯಿತು. ಲೆಫ್ಟಿನೆಂಟ್, ಕಮಾಂಡರ್, ಕ್ಯಾಪ್ಟನ್... ಹೆಗಲ ಮೇಲಿನ ಪಟ್ಟಿಗಳು ಬದಲಾದವು. ಯಾವ ಹಡಗಿಗೆ ಹೋದರೂ ಉಲ್ಲಾಸ ಮೊದಲು ಇಳಿಯುತ್ತಿದ್ದುದು ತಳದಲ್ಲಿ ದುಡಿಯುವವರ ಬಳಿಗೆ.

ಒಂದು ದಿನ ಅವರು ಇಡೀ ನೌಕಾಪಡೆಯ ಮುಖ್ಯಸ್ಥರಾದರು.

ಅದೇ ವಾರ ಗದಗಿನ ಒಂದು ಸಣ್ಣ ಓಣಿಯಲ್ಲಿ ಅವರ ಕಾರು ನಿಂತಿತು. ಎಂಬತ್ತು ದಾಟಿದ ಹಾದಿಮನಿ ಮಾಸ್ತರರು ಗೋಡೆ ಹಿಡಿದು ಎದ್ದು ಸೆಲ್ಯೂಟ್ ಹೊಡೆದರು.

"ಸಾಹೇಬ್ರ, ಇನ್ನ ನಿಮಗ ಬೈಯಾಕ ಬರಂಗಿಲ್ಲ ನೋಡ್ರಿ!"

"ಬೈರಿ ಮಾಸ್ತರ್, ಅದಕ್ಕೇ ಬಂದದ್ದು." ಇಬ್ಬರೂ ನಕ್ಕರು. ಆಮೇಲೆ ಉಲ್ಲಾಸ ಕೇಳಿದರು, "ಮುಚ್ಚಳ ಬಡಿಯೋದು ಪಾಠದಲ್ಲಿ ಇರ್ಲಿಲ್ಲ. ಬೇರೆ ಯಾರೂ ಬಡೀತಿರ್ಲಿಲ್ಲ. ನೀವ್ ಯಾಕೆ ಬಡಿದ್ರಿ?"

ಮಾಸ್ತರರ ನಗು ನಿಂತಿತು.

"ನಾ ಇಪ್ಪತ್ನಾಲ್ಕರಾಂವ ಇದ್ದಾಗ ನಮ್ಮ ಹಡಗಿಗೆ ಪೆಟ್ಟು ಬಿತ್ರಿ. ತಳದಾಗ ನೀರು. ಮುಚ್ಚಳ ಹಾಕು ಅಂತ ಆರ್ಡರ್ ಬಂತು. ಹಾಕಿದೆ... ಹಾಕಿದ್ದಕ್ಕ ಇನ್ನೂರು ಮಂದಿ ಉಳದ್ರು. ಒಳಗ ನನ್ನ ಗೆಳೆಯಾ ಇದ್ದ. ಬಡೀತಿದ್ದ. ಟಕ್ ಟಕ್ ಟಕ್..."

ಅವರು ಹಿಂದಿದ್ದ ಕುರ್ಚಿಯಲ್ಲಿ ಕುಳಿತರು.

"ತೆಗ್ಯಾಕ ಬರ್ತಿರ್ಲಿಲ್ಲ, ಖರೆ. ಆದ್ರ ತಿರುಗಿ ಬಡೀಬಹುದಿತ್ತಲ್ಲ? 'ಇಲ್ಲೇ ಅದೀನಿ' ಅನ್ನಬಹುದಿತ್ತಲ್ಲ? ಹೆದರಿ ಓಡಿಹೋದ್ನಿ ಸಾಹೇಬ್ರ. ಆ ಸದ್ದು ಇವತ್ತಿಗೂ ಕೇಳತೈತಿ."

ಉಲ್ಲಾಸರಿಗೆ ಆಗ ತಿಳಿಯಿತು... ತಾವು ಆ ಕೋಣೆಯಲ್ಲಿದ್ದದ್ದು ಅರ್ಧ ಗಂಟೆ. ಮಾಸ್ತರರು ಅದರೊಳಗೆ ಸಿಕ್ಕಿಹಾಕಿಕೊಂಡು ಐವತ್ತು ವರ್ಷಕ್ಕೂ ಮೇಲಾಗಿತ್ತು.

ದೇಶದ ನೌಕಾಪಡೆಯ ಮುಖ್ಯಸ್ಥರು ಟೋಪಿ ತೆಗೆದು ನೆಲದ ಮೇಲೆ ಕುಳಿತರು. ಮುದುಕನ ಕುರ್ಚಿಯ ಕೈಮೇಲೆ ಮೆಲ್ಲಗೆ ಬಡಿದರು.

ಟಕ್. ಟಕ್. ಟಕ್.

"ಇಲ್ಲೇ ಇದ್ದೀನಿ ಮಾಸ್ತರ್."

ಮಾಸ್ತರರು ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತರು...

ಎಲ್ಲ ಮುಚ್ಚಳಗಳನ್ನೂ ನಾವು ತೆರೆಯಲಾರೆವು... ಆದರೆ ಹೊರಗೆ ಕುಳಿತು ತಿರುಗಿ ಬಡಿಯಬಲ್ಲೆವು.

ಇವತ್ತು ನಿಮ್ಮ ಮನೆಯಲ್ಲಿ ಯಾರ ಕೋಣೆಯ ಬಾಗಿಲು ಮುಚ್ಚಿದೆ? 'ಇಲ್ಲೇ ಇದ್ದೇನೆ ಕಂದಾ' ಎಂದು ನೀವು ಕೊನೆಯ ಸಲ ಹೇಳಿದ್ದು ಯಾವಾಗ?