ಧಾರಾವಾಹಿಯ ಅಳಿಯ

"ಆ ತಟ್ಟೇನ ವಾಪಸ್ ತಗೊಂಡು ಹೋಗಪ್ಪಾ. ಹೆತ್ತ ತಾಯಿನ ವೃದ್ಧಾಶ್ರಮಕ್ಕೆ ನೂಕಿದವನ ಕೈಯ ಕುನಾಫಾ ನಮ್ಮನೇಲಿ ಯಾರ ಗಂಟಲಲ್ಲೂ ಇಳಿಯಲ್ಲ."

ಬಾಗಿಲಲ್ಲಿ ನಿಂತಿದ್ದ ಹಾತೆಮ್ ಸಿಹಿಯ ತಟ್ಟೆ ಹಿಡಿದುಕೊಂಡೇ ಬೆಪ್ಪಾದ. ಅವನ ತಾಯಿ ಪಕ್ಕದ ಬೀದಿಯಲ್ಲಿ, ಅವನದೇ ಮನೆಯಲ್ಲಿ, ಆ ಹೊತ್ತಿಗೆ ಇಫ್ತಾರಿಗೆ ಸೂಪು ಕಾಯಿಸುತ್ತಿದ್ದಳು. ವೃದ್ಧಾಶ್ರಮ ಸೇರಿದ್ದು ಧಾರಾವಾಹಿಯ ತಾಯಿ. ಆ ರಂಜಾನಿನಲ್ಲಿ ಅರ್ಧ ಕೈರೋ ನೋಡುತ್ತಿದ್ದ ಆ ಧಾರಾವಾಹಿಯಲ್ಲಿ ಅವನಿಗೆ ಮೊದಲ ಬಾರಿ ದೊಡ್ಡ ಪಾತ್ರ ಸಿಕ್ಕಿತ್ತು. ಹೆಂಡತಿ "ಅವಳಿರೋ ಮನೇಲಿ ನಾನಿರಲ್ಲ" ಅಂದದ್ದೇ ತಡ, ತಾಯಿಯ ಗಂಟುಮೂಟೆ ಕಟ್ಟಿದ ಮಗನ ಪಾತ್ರ. ಅಂದಿನಿಂದ ಬೀದಿಯ ಬದಿಯಲ್ಲಿ ಬೇಯಿಸಿದ ಕಾಳು ಮಾರುವವನೂ ಅವನಿಗೆ ಸೀದ ತಳವನ್ನೇ ಕೆರೆದು ಹಾಕುತ್ತಿದ್ದ.

"ಹಾಗ್ಗಾ, ಅದು ಬರೀ ನಟನೆ," ಅಂದ. ಹಜ್ ಮಾಡಿ ಬಂದ ಹೆಂಗಸನ್ನು ಅಲ್ಲಿ ಕರೆಯುವುದು ಹಾಗೆ; ಇವಳು ಅವನು ಮದುವೆಯಾಗಬೇಕೆಂದಿದ್ದ ನಿವೀನಳ ತಾಯಿ.

"ನಟನೇನಾ? ಅಷ್ಟು ಚೆನ್ನಾಗಿ ಸುಳ್ಳು ಹೇಳೋನು, ನಿಮ್ಮ ಮಗಳನ್ನ ಸುಖವಾಗಿ ಇಡ್ತೀನಿ ಅಂದ್ರೆ ನಾನು ನಂಬಬೇಕಾ?"

"ಹಾಗಾದ್ರೆ ನನಗೆ ನಟನೆ ಬರಲ್ಲ ಅಂದ್ಕೊಳ್ಳಿ."

"ನಟನೆ ಬಾರದ ನಟ ಹೆಂಡತಿಗೆ ಏನು ತಂದು ಹಾಕ್ತಾನೆ, ಮಣ್ಣು?"

ಒಳಗಿನಿಂದ ನಿವೀನ್ ಧಾವಿಸಿ ಬಂದಳು. "ಅಮ್ಮಾ, ನೀನು ಟಿವಿನೇ ನೋಡಲ್ಲ ಅಂತೀಯಲ್ಲ?"

"ನೋಡಲ್ಲ. ಅಡುಗೆಗೆ ದ್ರಾಕ್ಷಿ ಎಲೆಯೊಳಗೆ ಅಕ್ಕಿ ತುಂಬುವಾಗ ಕಣ್ಣು ಅತ್ತ ಹೋಗುತ್ತೆ, ಅಷ್ಟೆ," ಅಂದಳು ಹಾಗ್ಗಾ ಸುಹೇರ್.

ಹಾಗೆ ಅತ್ತ ಹೋದ ಕಣ್ಣಿಗೆ ಕಾಣದ್ದು ಯಾವುದೂ ಇರಲಿಲ್ಲ. ಡಾಕ್ಟರ ಧಾರಾವಾಹಿಯಲ್ಲಿ ಒಬ್ಬನೂ ಕೈ ತೊಳೆಯುವುದಿಲ್ಲ. ದಕ್ಷಿಣದ ಹಳ್ಳಿಯ ವೈರದ ಕಥೆಯಲ್ಲಿ ಕೊಲೆ ಮಾಡಿ ಬಂದವನ ಜುಬ್ಬಾದ ಇಸ್ತ್ರಿ ಕೆಡುವುದಿಲ್ಲ. ಸಿನಿಮಾಗಳಲ್ಲಂತೂ ನಾಯಕಿಯ ಪ್ರಾಣ ಹೋದರೂ ಕಣ್ಣಿನ ಕಾಡಿಗೆ ಹೋಗುವುದಿಲ್ಲ. ಇಷ್ಟೆಲ್ಲ ಹುಳುಕು ಹಿಡಿಯುವ ಹೆಂಗಸು, ಹಾತೆಮ್ ತಾಯಿಯ ಚೀಲ ಎತ್ತಿ ಹೊರಗಿಟ್ಟದ್ದನ್ನು ಮಾತ್ರ ಕಣ್ಣಾರೆ ಕಂಡ ಸತ್ಯವೆಂದು ಹಿಡಿದು ಕೂತಿದ್ದಳು. ಈದ್ ಕಳೆದ ಮೇಲೆ ಕುವೈತಿನಿಂದ ಒಬ್ಬ ಔಷಧಿ ಅಂಗಡಿಯವನು ನಿವೀನಳನ್ನು ನೋಡಲು ಬರುವವನಿದ್ದ. ಅಷ್ಟರೊಳಗೆ ಹಾತೆಮ್ ಜೊತೆ ಫಾತಿಹಾ ಓದಿಸಿ ಮದುವೆ ಮಾತು ಗಟ್ಟಿ ಮಾಡಿಕೊಳ್ಳದಿದ್ದರೆ ಎಲ್ಲ ಮುಗಿದಂತೆ. ನಿವೀನಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಮೆಟ್ಟಿಲಿಳಿಯುತ್ತಿದ್ದ ಹಾತೆಮ್‌ನನ್ನು ತಡೆದು ಅವಳು ಪಿಸುಗುಟ್ಟಿದಳು: "ಅಮ್ಮ ಬದಲಾಗಲ್ಲ. ಧಾರಾವಾಹಿನೇ ಬದಲಾಯಿಸು."

ಅದೇನೂ ಆಗದ ಕೆಲಸವಲ್ಲ. ರಂಜಾನ್ ಧಾರಾವಾಹಿಗಳ ಹಣೆಬರಹವೇ ಹಾಗೆ. ಮೊದಲ ಕಂತುಗಳು ಮನೆಮನೆಯಲ್ಲಿ ಓಡುತ್ತಿರುವಾಗ ಕೊನೆಯ ಕಂತುಗಳನ್ನು ಬರಹಗಾರ ಇನ್ನೂ ಗೀಚುತ್ತಿರುತ್ತಾನೆ. ಹಾತೆಮ್ ಹೋಗಿ ಅವನ ಕಾಲು ಹಿಡಿದ. ತಾಯಿಯ ಕಣ್ಣೀರು ನೋಡಿ ಜನರ ಹಸಿವೇ ಸತ್ತುಹೋಗುತ್ತಿದೆಯೆಂದು ತುಪ್ಪದ ಜಾಹೀರಾತಿನವರೂ ಗೊಣಗುತ್ತಿದ್ದ ಕಾಲ. ಬರಹಗಾರ ಒಪ್ಪಿಬಿಟ್ಟ.

ಆ ಕಂತು ಬರುವ ಸಂಜೆ ನಿವೀನ್ ಕಾಡಿಬೇಡಿ ಹಾತೆಮ್‌ನನ್ನೂ ಅವನ ತಾಯಿಯನ್ನೂ ಇಫ್ತಾರಿಗೆ ಕರೆಸಿದಳು. ಊಟವಾಯಿತು, ಟಿವಿ ಹಚ್ಚಿದರು. ತೆರೆಯ ಮೇಲೆ ಹಾತೆಮ್ ವೃದ್ಧಾಶ್ರಮದ ಬಾಗಿಲು ಒದ್ದು ತೆರೆದ, ತಾಯಿಯನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದ, ಸಿಡುಕುವ ಹೆಂಡತಿಯ ಮುಂದೆ ಬೆರಳೆತ್ತಿ ಗುಡುಗಿದ: "ಇವತ್ತಿನಿಂದ ಈ ಮನೇಲಿ ನನ್ನ ತಾಯಿ ಹೇಳಿದ್ದೇ ಕಾನೂನು! ಅವಳು ಕೂತಿರೋವಾಗ ನೀನು ನಿಂತಿರ್ಬೇಕು. ಅವಳು ಉಂಡ ಮೇಲೆ ನೀನು ಉಣ್ಬೇಕು!" ಈ ಮಾತು ಬರಹಗಾರನದಲ್ಲ. ಹಾಗ್ಗಾ ಮೆಚ್ಚಲಿ ಎಂದು ಹಾತೆಮ್ ತಾನಾಗಿ ಸೇರಿಸಿದ್ದು.

ಎದುರು ಮನೆಗಳ ಕಿಟಕಿಗಳಲ್ಲಿ ಹೆಂಗಸರು ಹಿಗ್ಗಿನಿಂದ ನಾಲಗೆ ಹೊರಳಿಸಿ ಉಲಿದರು. ಹಾಗ್ಗಾ ಸುಹೇರ್ ಮುಸುಕಿನ ತುದಿ ಒದ್ದೆಯಾಗುವಷ್ಟು ಅತ್ತಳು. "ಮಗ ಅಂದ್ರೆ ಇವನು," ಎಂದು ಹಾತೆಮ್‌ನ ತಲೆ ಸವರಿದಳು. ನಿವೀನ್ ನೆಮ್ಮದಿಯ ಉಸಿರು ಬಿಟ್ಟಳು.

ಪಕ್ಕದಲ್ಲಿದ್ದ ಹಾತೆಮ್‌ನ ತಾಯಿಯೂ ಕಣ್ಣೊರೆಸಿಕೊಂಡಳು. "ಇದರಲ್ಲಿ ನಟನೆ ಏನೂ ಇಲ್ಲ ಹಾಗ್ಗಾ. ನನ್ನ ಮಗ ನಿಜವಾಗ್ಲೂ ಹೀಗೇ. ನಾನು ಹಾಕಿದ ಗೆರೆ ದಾಟಲ್ಲ," ಅಂದು, ನಿವೀನಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಒಂದು ಲೋಟ ನೀರು ತಾ ಮಗಳೇ. ತಣ್ಣಗಿರೋದು ಬೇಡ."

ನಿವೀನ್ ಎದ್ದು ಓಡಿದಳು. ಹಾಗ್ಗಾಳ ಅಳು ನಿಂತಿತು. ಅವಳು ನೀರು ತರಲು ಹೋದ ಮಗಳನ್ನು ನೋಡಿದಳು, ದಿಂಬಿಗೊರಗಿ ಕೂತ ಬೀಗಿತಿಯನ್ನು ನೋಡಿದಳು, ಟಿವಿಯಲ್ಲಿ ಕೈಕಟ್ಟಿ ನಿಂತ ಸೊಸೆಯನ್ನು ನೋಡಿದಳು. ಆಮೇಲೆ ಚಹಾದ ನೆಪ ಹೇಳಿ ಹಾತೆಮ್‌ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಕೊನೇ ಕಂತಿನ ಶೂಟಿಂಗ್ ಮುಗೀತಾ?"

"ಇಲ್ಲ ಹಾಗ್ಗಾ, ನಾಳೆ ಇದೆ. ಯಾಕೆ?"

"ನಿನ್ನ ಬರಹಗಾರನಿಗೆ ಹೇಳು, ಪಾಪ ಆ ಮುದುಕಿಗೆ ಆಶ್ರಮವೇ ಒಗ್ಗಿತ್ತು. ಓರಗೆಯವರಿದ್ರು, ಹೊತ್ತಿಗೆ ಸರಿಯಾಗಿ ಊಟ ಇತ್ತು," ಎಂದು ಹಾಗ್ಗಾ ದನಿ ತಗ್ಗಿಸಿದಳು. "ನಾಳೆ ಅವಳನ್ನ ವಾಪಸ್ ಬಿಟ್ಟು ಬಾ. ಆಮೇಲೆ ಫಾತಿಹಾ ಓದೋಣ."